ಮಾಳಿಗಿ ಮ್ಯಾಲಿನ ಗಾಜು

ಹಸಿ ಮೆಟ್ಲ, ಕಾಲು ಜರೀತೈತಿ, ಶೈಲಾ ಗೋಡಿ ಹಿಡಕೊಂಡು ಏರಬೇ ಅಂತ ಸಣ್ಣಾಕಿದ್ದಾಗಿಂದ ಅವ್ವ ಬೈತಾಳ, ಬೈಲಿ, ಇದೊಂದು ಗಾಜು ಹಳದಿ ಆಗಿರಬಾರ್ದು ಅಷ್ಟಽ, ಶಿವನೇ — ಪೆರೋವ್‌ಸ್ಕೈಟ್ ಅಂದ್ರ ಏನಬೇ, ಬಾಯಾಗ ತಿರುಗವಲ್ದು ಅಂದಿದ್ಲು, ಬಿಸಲು ಕುಡದು ಕರೆಂಟ್ ಕೊಡೂ ಕರೀ ಲೇಪ ಯವ್ವಾ, ಎರಡು ಗಾಜಿನ ನಡುವ ಇರತೈತಿ, ಅಗದಿ ಸೋವಿ, ಆದ್ರ ಹನಿ ನೀರು ಹೊಕ್ರ ಹಳದಿ ಆಗಿ ಸಾಯತೈತಿ, ಹಿಂದಿನವೆಲ್ಲಾ ಹಂಗಽ ಸತ್ತು, ಉಳದದ್ದು ಇದೊಂದಽ, ಕಲಘಟಗಿ ಮಳಿಗೆ ತಡಕೊಂಡ್ರ ಎಲ್ಲಾ ಮಳಿಗೂ ತಡಕೋತೈತಿ ಅಂತ ನಮ್ಮ ಮಾಳಿಗಿ ಮ್ಯಾಲೆ ಇಟ್ಟಹೋಗಿದ್ದೆ, ಬಾಜೂ ಮನಿ ತೊಟ್ಟಿಲ ಮಾಡೂ ಹೊಳೆಪ್ಪಕಾಕಾ ಕಟಗೀಗೆ ಬಣ್ಣದ ಅರಗು ಹಚ್ಚೂ ಮುಂದ ಹೇಳ್ತಿದ್ದ, ಬೆಚ್ಚಗಿದ್ದಾಗಽ ಒತ್ತವಾ, ಮೂಲಿ ಬಿಡಬ್ಯಾಡ, ಹಂಗಽ ಒತ್ತೀನಲ್ಲ ನಾನೂ ನೀರು ಹೋಗಧಂಗ ಇದರ ಅಂಚು, ಆದ್ರೂ ಧಾರವಾಡದ ಲ್ಯಾಬಿನ್ಯಾಗ ಕುಂತು ಮೊಬೈಲ್ ನೋಡಿದ್ರ ದಿನಾ ಮುಂಜಾನೆ ಇದರ ಕರೆಂಟ್ ಧಪ್ ಅಂತ ಇಳೀತೈತಿ, ಮಳಿ ಬಂದು ಹೋದ್ರ ಮತ್ತ ಏರತೈತಿ, ನೀರು ಹೊಕ್ಕೈತ್ರಿ, ತಗೊಂಡು ಬರ್ರಿ, ಈ ಕೆಲಸ ಇಲ್ಲಿಗೇ ಸಾಕು ಅಂದ್ರು ಲ್ಯಾಬಿನ ಸರ್, ಒಯ್ಯಾಕಂತಽ ಬಂದೀನಿ, ಬಸ್ಸಿನ್ಯಾಗ ಅಳುನೂ ಬರಲಿಲ್ಲ — ಚೆಂಬಿನ ಸಪ್ಪಳ, ಯಾರು ಮ್ಯಾಲೆ, ಅವ್ವ, ಹಸಿ ಕೂದಲಾ, ಗಾಜಿನ ಮ್ಯಾಲೆ ನೀರು ಸುರುವಾಕತ್ಯಾಳ, ಯವ್ವಾ ಏನ್ ಮಾಡಾಕತ್ತೀ, ಚೀರಬ್ಯಾಡಬೇ ದಿನಾ ಮಾಡ್ತೀನಿ, ಬಿಸಲು ಉಂಡು ಬೆಳಕು ಕೊಡೂದು ದೇವರಲ್ದ ಮತ್ತೇನು, ನೀರು ಹಾಕಿ ವಿಭೂತಿ ಹಚ್ತೀನಿ, ನಿನ್ನ ಕೆಲಸ ಕೈಗೂಡ್ಲಿ ಅಂತ, ಮುಟ್ಟಬ್ಯಾಡ ಅಂದಿದ್ನಲ್ಲ, ಮಡೀಲೇ ಮುಟ್ಟೀನಿ ತಗೋ, ಅಂತ ಮೂರು ಬಟ್ಟಿಲೆ ವಿಭೂತಿ ಎಳದಽ ಬಿಟ್ಲು —

ವಿಭೂತಿ. ಬಿಸಲಿಗೆ ಅಡ್ಡಾದದ್ದು ವಿಭೂತಿ, ಮಳಿ ತೊಳದ ಕೂಡ್ಲೆ ಏರತಿತ್ತು, ನೀರಲ್ಲ, ಬಗ್ಗಿ ನೋಡು, ಮೂಲಿ ನೋಡು, ಅಂಚು ನೋಡು, ಹಳದಿ ಎಲ್ಲೈತಿ, ಎಲ್ಲೂ ಇಲ್ಲ, ಕರೀ, ಅಗದಿ ಕರೀ, ಮ್ಯಾಲಿಂದ ಮಳಿ ಸುರದೈತಿ, ಮ್ಯಾಲೆ ಅವ್ವನೂ ದಿನಾ ಸುರದಾಳ, ಆದ್ರೂ ಒಂದು ಹನಿ ಒಳಗ ಹೊಕ್ಕಿಲ್ಲ, ಯಾವ ಲ್ಯಾಬಿನ್ಯಾಗ ಇಷ್ಟು ಕಾಡತಿದ್ರು ಇದನ್ನ, ನಗಲೋ ಅಳಲೋ, ಹೊಳೆಪ್ಪಕಾಕಾ ನಿನ್ನ ಕೈ ತಣ್ಣಗಿರ್ಲಿ, ಯವ್ವಾ ನಿನ್ನ ಋಣ ನಾ ಹೆಂಗ ತೀರಸ್ಲಿ, ಯಾಕಬೇ ಅಳ್ತಿ, ಕೆಟ್ಟೋತೇನು, ನಾಳಿಂದ ಹಚ್ಚಂಗಿಲ್ಲ ಬಿಡು ಅಂತಾಳ, ಕೆಟ್ಟಿಲ್ಲ ಯವ್ವಾ, ಉಳದೈತಿ, ಸರ್‌ಗೆ ಫೋನ್ ಮಾಡಬೇಕು, ಮೊದಲ ಒರಸಬೇಕು, ಸೆರಗು ತಗೊಂಡೀನಿ, ಕೈ ಏಳವಲ್ದು — ಕರೀ ಗಾಜು, ಅವ್ವನ ಬಟ್ಟು, ಮೂರು ಬಿಳಿ ಗೆರಿ — ಒರಸಬೇಕು — ಮೂರು ಬಿಳಿ ಗೆರಿ —