ಒಡೆಸ್ಸಾಳ ಹಾಡಿಗೆ ಕಾರಿನ ಪರೀಕ್ಷೆ

ಎಂಬತ್ತೆಂಟರ ಬೇಸಿಗೆಯಲ್ಲಿ, ಕ್ವೀನ್ಸ್ ಬಡಾವಣೆಯ ನಮ್ಮ ಪುಟ್ಟ ರೆಕಾರ್ಡ್ ಕಂಪನಿಯ ಯಾವ ರ‍್ಯಾಪ್ ಹಾಡೂ, ಬೀದಿಯಲ್ಲಿ ಕಾರಿನಿಂದ ಜೋರಾಗಿ ಕೇಳಿಸುವ ಪರೀಕ್ಷೆಯಲ್ಲಿ ಗೆಲ್ಲದೆ ಧ್ವನಿಮುದ್ರಿಕೆಯಾಗಿ ಅಂಗಡಿಗೆ ಹೋಗುತ್ತಿರಲಿಲ್ಲ. ಸ್ಟುಡಿಯೋದಲ್ಲಿ ಹಾಡುಗಳನ್ನು ಧ್ವನಿಮುದ್ರಿಸುತ್ತಿದ್ದ ನಾನು ಹಿಂದಿನ ಸೀಟಿನಲ್ಲಿ ಕುಳಿತಿದ್ದೆ. ಮುಂದೆ ಒಡೆಸ್ಸಾ, ತನ್ನ ಮೊದಲ ಆಲ್ಬಮ್ಮಿನ ಮೊದಲ ಹಾಡಿಗಾಗಿ ಉಗುರು ಕಚ್ಚುತ್ತಿದ್ದಳು. ಬೀದಿಯ ಜನ ತಲೆದೂಗದಿದ್ದರೆ ಹಾಡಿನ ಅರ್ಧವನ್ನು ಗಂಡಸೊಬ್ಬನಿಗೆ ಹಾಡಲು ಕೊಡುವುದಾಗಿ ಒಡೆಯ ರೋಡೆಲ್ ಹೇಳಿಬಿಟ್ಟಿದ್ದ.

ಅವನು ಸಲೂನಿನೆದುರು ಕಾರು ನಿಲ್ಲಿಸಿ, ಕಿಟಕಿಗಳನ್ನಿಳಿಸಿ, ಕ್ಯಾಸೆಟ್ ಹಾಕಿದ. ಡ್ರಮ್ಮಿನ ಹೊಡೆತಕ್ಕೆ ಕಾರಿನ ಕನ್ನಡಿಗಳು ನಡುಗಿದವು. ಮೂಲೆಯಲ್ಲಿದ್ದ ಗಂಡಸರು ತಲೆದೂಗಿದರು.

"ನೋಡ್ದ್ಯಾ ತಂಗಿ? ಗೆದ್ಬಿಟ್ಟೆ!" ಎಂದ ರೋಡೆಲ್.

"ಕಸದ ಲಾರಿ ಹೋದ್ರೂ ಇವ್ರು ಹಿಂಗೇ ತಲೆ ಆಡಿಸ್ತಾರೆ ಕಣಣ್ಣ. ನನ್ ಮಾತು ಯಾರಿಗೆ ಕೇಳಿಸ್ತು?"

ಹೀಗೆಂದವಳೇ ಕೈಚಾಚಿ ಬೇಸ್ ಗುಂಡಿ ತಿರುಗಿಸಿ ಡ್ರಮ್ಮಿನ ಅಬ್ಬರ ತಗ್ಗಿಸಿದಳು. ತಲೆಗಳು ನಿಂತವು.

"ಅಯ್ಯೋ, ಹಾಳ್ಮಾಡ್ಕೊಂಡ್ಯಲ್ಲೇ!" ಎಂದ ರೋಡೆಲ್.

ಸಣ್ಣಗಾದ ತಾಳದ ಮೇಲೆ, ಪ್ರಿಯಕರನನ್ನು ತರಾಟೆಗೆ ತೆಗೆದುಕೊಳ್ಳುವ ಅವಳ ಹಾಡಿನ ಮಾತೂ, ಮಾತುಗಳ ನಡುವಣ ಉಸಿರೂ ಬಿಸಿಲಿಗಿಳಿದವು. ಆಸರೆಯಿಲ್ಲದ ಆ ಮಾತು ಎಷ್ಟು ದೂರ ನಡೆದೀತೆಂದು ನಾನು ಕುತೂಹಲದಿಂದ ಕಾದೆ.

ಸಲೂನಿನ ಬಾಗಿಲು ತೆರೆಯಿತು. ಅರ್ಧ ತಲೆಗಷ್ಟೇ ಜಡೆ ಹೆಣೆಸಿಕೊಂಡಿದ್ದ ಹೆಂಗಸೊಬ್ಬಳು ಹೊರಬಂದಳು. ಬಾಚಣಿಗೆ ಹಿಡಿದಿದ್ದ ಸಲೂನಿನವಳು ಅವಳ ಹಿಂದೆಯೇ ಓಡಿಬಂದಳು.

"ಏಯ್, ಆ ಹುಡುಗಿ ಅವ್ನಿಗೆ ಏನಂದ್ಲು? ಕ್ಯಾಸೆಟ್ ಹಿಂದಕ್ಕೆ ತಿರುಗ್ಸಿ ಹಾಕಯ್ಯ!"

"ಪೂರ್ತಿ ಮೊದ್ಲಿಂದ ಹಾಕು," ಎಂದಳು ಬಾಚಣಿಗೆಯವಳು. "ಕಲ್ತ್ಕೊಂಡು ನನ್ ಗಂಡಂಗೆ ಹೇಳ್ಬೇಕು."

ರೋಡೆಲ್ ಕ್ಯಾಸೆಟ್ಟನ್ನು ಮೊದಲಿಗೆ ತಿರುಗಿಸಿದ. ಆಮೇಲೆ, ಒಡೆಸ್ಸಾಳತ್ತ ನೋಡದೆಯೇ, ನನಗೆ ಹೇಳಿದ: "ಗಂಡಸು ಬೇಡ ಬಿಡಪ್ಪ. ಇವಳ ದನಿ ಡ್ರಮ್ಮಿಗಿಂತ ಇನ್ನೊಂಚೂರು ಮೇಲೆ ತಾ."