ಬಾಗಿಲ ಕೀಲಿನ ಸ್ವರ

ಸೌಂಡ್ ಮಿಕ್ಸರಿನ ಗುಂಡಿ ಬೆಚ್ಚಗಿದೆ, ಇಲ್ಲ, ಬೆಚ್ಚಗಿರುವುದು ನನ್ನ ಬೆರಳೇ — ಮೆಲ್ಲಗೆ ಮೇಲಕ್ಕೆ ಜಾರಿಸು, ಇನ್ನೂ ಸ್ವಲ್ಪ, ಮುಂದಿನ ಸ್ಪೀಕರಿನಿಂದ ಹೊರಟ ಕೀರಲು ದನಿ ಜನರ ತಲೆಯ ಮೇಲೆ ಹಾದು ಹಿಂಗೋಡೆ ಮುಟ್ಟಿತು, ಆಹಾ, ಮುಟ್ಟಿತು ನೋಡು! ಸಭಾಂಗಣದ ನಡುವೆ ಅರೆಗತ್ತಲಲ್ಲಿ ಮಿಕ್ಸರಿನ ಮುಂದೆ ನಾನೊಬ್ಬಳೇ, ವೇದಿಕೆಯ ಮೇಲೆ ನರಪಿಳ್ಳೆಯೂ ಇಲ್ಲ, ನನ್ನ ಮುಂದಿನ ಸಾಲಿನಲ್ಲೇ ಅತ್ತೆ, ಅಪ್ಪನ ಅಕ್ಕ, ಊರಿಗೆಲ್ಲ ಸಂಗೀತ ಕಲಿಸಿದವರು, ಆ ಖಾಲಿ ವೇದಿಕೆಯನ್ನೇ ದಿಟ್ಟಿಸುತ್ತಿದ್ದಾರೆ, ಹಾಡೋರು ಯಾವಾಗ ಬರ್ತಾರೆ, ಯಾರೂ ಬರಲ್ಲ ಅತ್ತೆ, ಸ್ಪೀಕರೇ ಹಾಡೋದು, ಹಾಗಾದ್ರೆ ಹಿಡಿಸದಿದ್ರೆ ನಡುವೆ ಎದ್ದು ಹೋಗ್ತೀನಿ, ಆಮೇಲೆ ಮುಖ ಊದಿಸ್ಕೋಬೇಡ. ಹೋಗುವವರೇ, ಅಪಸ್ವರ ಕಿವಿಗೆ ಬಿದ್ದರೆ ಸ್ವಂತ ಶಿಷ್ಯರ ಕಾರ್ಯಕ್ರಮದಿಂದಲೇ ಎದ್ದು ನಡೆದವರು, ಆದರೂ ಇವರೊಬ್ಬರು ಕೂತು ಕೇಳಿದರೆ ನನಗೆ ಬೇರೆ ಯಾವ ಚಪ್ಪಾಳೆಯೂ ಬೇಡ.

ಚಿಕ್ಕಂದಿನಲ್ಲೇ ಪಾಠದ ಕೋಣೆಯಿಂದ ಆಚೆ ಅಟ್ಟಿದ್ದರು, ಗೊಗ್ಗರು ಗಂಟಲೇ ನಿಂದು, ಬಾಗಿಲು ಎಳ್ಕೊಂಡು ಹೋಗು, ಎಳೆದುಕೊಂಡೆ, ಆಚೆಯೇ ಕೂತೆ, ಒಬ್ಬೊಬ್ಬರು ಬಂದಾಗಲೂ ಆ ಬಾಗಿಲ ಕೀಲು ಕಿರ್ರ್ ಎನ್ನುತ್ತಿತ್ತು, ಸಣ್ಣವರು ತಳ್ಳಿದರೆ ಅಂಜುತ್ತಾ, ಅತ್ತೆ ತಳ್ಳಿದರೆ ಗತ್ತಿನಿಂದ, ಕಣ್ಣು ಮುಚ್ಚಿಕೊಂಡು ಬಂದವರು ಯಾರೆಂದು ಹೇಳುತ್ತಿದ್ದೆ, ಒಮ್ಮೆಯೂ ತಪ್ಪಲಿಲ್ಲ, ಹಾಡಲು ಬಾರದ್ದು ಗಂಟಲಿಗೆ, ಕಿವಿಗಲ್ಲ. ಹೋದ ವರ್ಷ ಅದೇ ಕೀಲಿಗೆ ಮೈಕ್ ಹಿಡಿದರೆ, ಎಣ್ಣೆ ಬಿಡೋಣ ಅಂತಿದ್ರೆ ಇವಳು ಮೈಕ್ ಹಿಡೀತಾಳೆ, ತಲೆಗಿಲೆ ಕೆಟ್ಟಿದ್ಯೇನೇ, ಕೆಟ್ಟಿದೆ ಅತ್ತೆ, ಚೆನ್ನಾಗೇ ಕೆಟ್ಟಿದೆ — ಒಂದೇ ಒಂದು ಕಿರ್ರ್, ಕಂಪ್ಯೂಟರಿನಲ್ಲಿ ತಿಂಗಳುಗಟ್ಟಲೆ ಎಳೆದೆಳೆದು ಹಿಗ್ಗಿಸಿದೆ, ಹಿಗ್ಗಿದಷ್ಟೂ ಒಳಗಿನಿಂದ ಸ್ವರಗಳು, ಯಾವ ಗಂಟಲಿಗೂ ಎಟುಕದಷ್ಟು ಕೆಳಗಿನವು, ಸಿಕ್ಕವು, ನನಗೇ ಸಿಕ್ಕವು!

ಈಗ ಆ ಸ್ವರಗಳ ಸರದಿ, ಎಲ್ಲ ಗುಂಡಿಗಳೂ ಒಟ್ಟಿಗೆ ಮೇಲಕ್ಕೆ, ನೆಲವೇ ಗುಂಯ್‌ಗುಡುತ್ತದೆ, ಅತ್ತೆ ಎದ್ದರು. ಎದ್ದೇಬಿಟ್ಟರು. ಹೋಗಲಿ, ತಗ್ಗಿಸುವವಳಲ್ಲ ನಾನು — ಆದರೆ ಹೊರಬಾಗಿಲ ಕಡೆ ತಿರುಗಲಿಲ್ಲವಲ್ಲ, ವೇದಿಕೆಗೆ ಬೆನ್ನು ಹಾಕಿ ನನ್ನ ಕಡೆ, ಮಿಕ್ಸರಿನ ಪುಟ್ಟ ದೀಪ ಮುಖಕ್ಕೆ ಬಿದ್ದಿದೆ, ಕಣ್ಣು ಮುಚ್ಚಿ, ಗದ್ದ ಎತ್ತಿ, ಸ್ವರ ಹೋದ ಕಡೆಗೆ ಗದ್ದವೂ ಹೊರಳುತ್ತಿದೆ, ಕೂತ್ಕೊಳ್ಳಿ ಅಮ್ಮಾ ಎಂದು ಯಾರೋ ಪಿಸುಗುಟ್ಟಿದರೆ ಶ್, ಸುಮ್ನಿರಿ, ಕೇಳೋಕೆ ಬಿಡಿ ಎಂದು ಅವರನ್ನೇ ಗದರಿದರು, ಅಯ್ಯೋ ನನ್ನತ್ತೆ, ಗೆದ್ದೆ ನಾನು, ಗೆದ್ದೆ, ಸ್ವರವನ್ನು ಎಡಗೋಡೆಗೆ ಒಯ್ದೆ, ಗದ್ದ ಎಡಗೋಡೆಗೆ, ಬಲಗೋಡೆಗೆ ತಂದೆ, ಗದ್ದ ಬಲಗೋಡೆಗೆ, ಮುಂದೆ ಯಾವ ಗುಂಡಿ, ಮರೆತೇಹೋಯಿತು, ಮುಚ್ಚಿದ ಕಣ್ಣು, ಎತ್ತಿದ ಗದ್ದ, ಹಿಂಗೋಡೆಗೆ, ಮತ್ತೆ ಎಡಕ್ಕೆ, ಎತ್ತಿದ ಆ ಗದ್ದ