ಗುಳಿಯಲ್ಲಿ ಕೂತ ಜಾಕ್

ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ನಡೆಯುವ ಹಳೆಯ ಕಾರುಗಳ ಬಿಡಿಭಾಗದ ಸಂತೆಗೆ ಮುರಿಯಲ್ ತಾಯಿಯ ಕಾರಿನ ಡಿಕ್ಕಿಯಲ್ಲಿದ್ದ ಮರದ ತಟ್ಟೆಯನ್ನೇ ಹೊತ್ತು ತಂದಿದ್ದಳು. ಕಾರನ್ನೆತ್ತುವ ಜಾಕ್ ಇಡಲೆಂದೇ ಅದರಲ್ಲಿ ಗುಳಿ ಕೊರೆಯಲಾಗಿತ್ತು; ಜಾಕ್ ಕಳೆದುಹೋಗಿ, ಅಂಥದ್ದೇ ಇನ್ನೊಂದು ಬೇಕಿತ್ತು.

"ಇದೇ ಒರಿಜಿನಲ್ ಮೇಡಂ, ಕಣ್ಮುಚ್ಚಿ ತಗೊಳ್ಳಿ," ಎಂದು ವ್ಯಾಪಾರಿ ಸಿರಿಲ್ ಹೊಳೆಯುವ ಜಾಕೊಂದನ್ನು ಚಾಚಿದ.

"ಕಣ್ಬಿಟ್ಕೊಂಡೇ ತಗೋತೀನಿ," ಎಂದು ಅವಳು ಅದನ್ನು ಗುಳಿಯಲ್ಲಿಟ್ಟಳು. ಜಾಕಿನ ತಲೆ ಹೊರಗುಳಿಯಿತು.

"ಮರಾನೇ ಸ್ವಲ್ಪ ಕೆತ್ತಿಸಿಬಿಡಿ!"

"ಮರ ಸುಳ್ಳು ಹೇಳಲ್ಲ ಸಿರಿಲ್, ನೀವು ಹೇಳ್ತೀರಿ."

ಮುರಿಯಲ್ ರಾಶಿಯ ತಳದಿಂದ ತುಕ್ಕು ಹಿಡಿದ ಇನ್ನೊಂದನ್ನು ಎಳೆದು, ತಿರುಪನ್ನು ಪೂರ್ತಿ ಇಳಿಸಿ ಗುಳಿಯಲ್ಲಿಟ್ಟಳು. ಅಗಲವಾದ ಪಾದ, ಗಿಡ್ಡ ಕತ್ತು ಎರಡೂ ಅಳತೆಗೆ ಸರಿಯಾಗಿ ಕೂತವು.

ಸಿರಿಲ್ ಜೋರಾಗಿ ನಕ್ಕ. "ಸೋತೆ ತಾಯಿ. ಟೀ ಕುಡೀತೀರಾ?"

"ಹಾಲು ಜಾಸ್ತಿ ಹಾಕಿ."

ಮರುದಿನ ಅದೇ ಜಾಕಿನಿಂದ ತಾಯಿಯ ಕಾರನ್ನೆತ್ತಿ, ಟೈರು ಬಿಚ್ಚುತ್ತಾ ಅವಳು ಗಟ್ಟಿಯಾಗಿ ಹಾಡಿದಳು.